ಕೋಣೆಗೂ ರೇಸ್ ಟ್ರ್ಯಾಕಿಗೂ ನಡುವೆ ಇಲ್ಲದ ಮೆಟ್ಟಿಲು

ಕಂಪ್ಯೂಟರಿಗೆ ಸ್ಟೀರಿಂಗ್ ಚಕ್ರವನ್ನೂ ಪೆಡಲ್‌ಗಳನ್ನೂ ಜೋಡಿಸಿಕೊಂಡು ರೇಸ್ ಕಾರಿನ ಚಾಲನೆಯನ್ನು ಆದಷ್ಟು ಯಥಾವತ್ತಾಗಿ ಅನುಕರಿಸುವ ಸಿಮ್ ರೇಸಿಂಗ್ ಹವ್ಯಾಸ ಕೋಲಾರದಂಥ ಜಿಲ್ಲಾ ಕೇಂದ್ರಕ್ಕೂ ಬಂದು ಕೆಲವು ವರ್ಷಗಳಾಗಿವೆ. ನರಸಾಪುರ, ವೇಮಗಲ್ ಕಡೆಯ ಕಾರ್ಖಾನೆಗಳಲ್ಲಿ ಪಾಳಿಯಲ್ಲಿ ದುಡಿಯುವ ಯುವಕರು, ಎಂಜಿನಿಯರಿಂಗ್ ಓದುತ್ತಿರುವವರು, ಬಂಗಾರಪೇಟೆಯಿಂದ ದಿನವೂ ಬೆಂಗಳೂರಿಗೆ ರೈಲು ಹಿಡಿಯುವ ನೌಕರರು ರಾತ್ರಿ ಊಟವಾದ ಮೇಲೆ ಮೇಜಿಗೆ ಬಿಗಿದ ಸ್ಟೀರಿಂಗ್ ಮುಂದೆ ಕುಳಿತು, ಸಿಂಗಪುರದಲ್ಲೋ ಯುರೋಪಿನಲ್ಲೋ ಇರುವ ಸರ್ವರ್‌ಗೆ ಸೇರಿಕೊಂಡು, ಬೆಲ್ಜಿಯಂನ ಸ್ಪಾ ಅಥವಾ ಇಟಲಿಯ ಮೊಂಜಾ ಟ್ರ್ಯಾಕಿನಲ್ಲಿ ಸುತ್ತು ಹಾಕುತ್ತಾರೆ. ಬ್ರೇಕ್ ಒತ್ತಿದಾಗ ಕುರ್ಚಿ ಹಿಂದಕ್ಕೆ ಸರಿಯದಿರಲೆಂದು ಅದರ ಗಾಲಿಗಳನ್ನು ಹಳೆಯ ಶೂಗಳೊಳಗೆ ಇಳಿಸಿರುತ್ತಾರೆ. ರೇಸಿನ ನಡುವೆ ಕರೆಂಟ್ ಹೋದರೆ ಎಂಬ ಭಯಕ್ಕೆ ಯುಪಿಎಸ್ ಇಟ್ಟುಕೊಂಡಿರುತ್ತಾರೆ. ಇವರಲ್ಲಿ ಯಾರನ್ನು ಮಾತನಾಡಿಸಿದರೂ ಕೊನೆಗೆ ಹೊರಬರುವ ಆಸೆ ಒಂದೇ, ಒಮ್ಮೆಯಾದರೂ ನಿಜವಾದ ರೇಸ್ ಕಾರಿನಲ್ಲಿ ಬೆಲ್ಟ್ ಬಿಗಿದುಕೊಂಡು ನಿಜವಾದ ಟ್ರ್ಯಾಕಿಗೆ ಇಳಿಯಬೇಕು ಎಂಬುದು.

ಸಿಮ್ಯುಲೇಟರಿನಲ್ಲಿ ಕಲಿತವರು ನಿಜವಾದ ರೇಸ್ ಕಾರನ್ನು ಓಡಿಸಬಲ್ಲರೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿ ಹದಿನೈದು ವರ್ಷಗಳಿಗೂ ಹೆಚ್ಚಾಯಿತು, ಓಡಿಸಬಲ್ಲರು. ಇಂದು ಕೇಳಬೇಕಾದ ಪ್ರಶ್ನೆ ಬೇರೆ. ಕೋಣೆಯಲ್ಲಿ ಕಣ್ಣನ್ನೂ ಕೈಯನ್ನೂ ಪಳಗಿಸಿಕೊಂಡ ಯುವಕ ತನ್ನ ಮೈಯನ್ನು ಪಳಗಿಸಿಕೊಳ್ಳಲು ಎಲ್ಲಿಗೆ ಹೋಗಬೇಕು? ಜಗತ್ತಿನ ಬೇರೆಡೆ ಸಿಮ್‌ನಿಂದ ಟ್ರ್ಯಾಕಿಗೆ ದಾಟಿದವರೆಲ್ಲರೂ ನಡುವೆ ಒಂದು ಮೆಟ್ಟಿಲನ್ನು ಹತ್ತಿಯೇ ದಾಟಿದ್ದಾರೆ. ನಮ್ಮ ಜಿಲ್ಲೆಯಲ್ಲಿ ಆ ಮೆಟ್ಟಿಲು ಇಲ್ಲ, ಅದರ ಬದಲಿಗೆ ಒಂದು ಎಕ್ಸ್‌ಪ್ರೆಸ್‌ವೇ ಇದೆ. ಈ ಲೇಖನದ ಆತಂಕವೆಲ್ಲ ಅದನ್ನು ಕುರಿತದ್ದು.

ಮೊದಲಿಗೆ ಸಿಮ್ಯುಲೇಟರ್ ಏನನ್ನು ಕಲಿಸುತ್ತದೆ ಎಂಬುದನ್ನು ನ್ಯಾಯವಾಗಿ ಒಪ್ಪಿಕೊಳ್ಳಬೇಕು, ಏಕೆಂದರೆ ಮನೆಯ ಹಿರಿಯರು ಇದನ್ನು ಮಕ್ಕಳಾಟವೆಂದು ತಳ್ಳಿಹಾಕುವುದು ಸಾಮಾನ್ಯ. ಈ ತಂತ್ರಾಂಶಗಳನ್ನು ಸಾಮಾನ್ಯ ವಿಡಿಯೊ ಗೇಮ್‌ಗಳಿಂದ ಬೇರ್ಪಡಿಸುವುದು ಚಿತ್ರದ ಅಂದಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಗಣಿತ. ಟೈರು ರಸ್ತೆಯನ್ನು ಎಷ್ಟು ಹಿಡಿದಿದೆ, ಬ್ರೇಕ್ ಒತ್ತಿದಾಗ ಕಾರಿನ ತೂಕ ಎಷ್ಟರಮಟ್ಟಿಗೆ ಮುಂದಿನ ಚಕ್ರಗಳಿಗೆ ವರ್ಗವಾಯಿತು, ಟೈರಿನ ಬಿಸಿ ಏರಿದಂತೆ ಹಿಡಿತ ಹೇಗೆ ಬದಲಾಯಿತು ಎಂಬುದನ್ನೆಲ್ಲ ಕಂಪ್ಯೂಟರ್ ಎಡೆಬಿಡದೆ ಲೆಕ್ಕ ಹಾಕುತ್ತಿರುತ್ತದೆ. 2008ರಲ್ಲಿ ಆರಂಭವಾದ ಐರೇಸಿಂಗ್ ಎಂಬ ತಂತ್ರಾಂಶ ಈ ಲೆಕ್ಕವನ್ನು ಸೆಕೆಂಡಿಗೆ 360 ಬಾರಿ ಮಾಡುತ್ತದೆ. ಅದರಲ್ಲಿನ ಟ್ರ್ಯಾಕ್‌ಗಳನ್ನು ಲೇಸರ್ ಸ್ಕ್ಯಾನ್ ಮಾಡಿ ರೂಪಿಸಿರುವುದರಿಂದ ರಸ್ತೆಯ ಮೇಲಿನ ಸಣ್ಣ ಉಬ್ಬು, ಅಂಚಿನ ಕಲ್ಲುಗಳ ಎತ್ತರ ಕೂಡ ಇದ್ದ ಹಾಗೆಯೇ ಬಂದಿರುತ್ತವೆ. ಅಸೆಟ್ಟೊ ಕೊರ್ಸಾ ಎಂಬ ಇನ್ನೊಂದು ತಂತ್ರಾಂಶವನ್ನು ರೂಪಿಸಿದ ಇಟಲಿಯ ಕುನೋಸ್ ಸಂಸ್ಥೆ ವಲ್ಲೆಲುಂಗ ಟ್ರ್ಯಾಕಿನ ಮಗ್ಗುಲಲ್ಲೇ ನೆಲೆಸಿ ಕೆಲಸ ಮಾಡಿತು. ಹೀಗಾಗಿ ಯಾವ ತಿರುವಿಗೆ ಎಲ್ಲಿ ಬ್ರೇಕ್ ಹಿಡಿಯಬೇಕು, ಎಲ್ಲಿ ತಿರುಗಬೇಕು, ತಿರುವಿನಿಂದ ಹೊರಬರುವಾಗ ಆಕ್ಸಿಲರೇಟರನ್ನು ಎಷ್ಟು ನಿಧಾನವಾಗಿ ತುಳಿಯಬೇಕು ಎಂಬ ಜ್ಞಾನ ಮನೆಯಲ್ಲಿ ಕುಳಿತವನಿಗೂ ದಕ್ಕುತ್ತದೆ, ಮತ್ತು ಅದು ಸುಳ್ಳು ಜ್ಞಾನವಲ್ಲ.

ಸಲಕರಣೆಯಲ್ಲಿಯೂ ದರ್ಜೆಗಳಿವೆ. ಮೂವತ್ತು ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ, ಗೇರುಗಳಿಂದ ಚಲಿಸುವ ಲಾಜಿಟೆಕ್ ಸ್ಟೀರಿಂಗ್ ಸುಮಾರು 2 ನ್ಯೂಟನ್ ಮೀಟರಿನಷ್ಟು ತಿರುಗಿಸುವ ಬಲವನ್ನು ಕೈಗೆ ಕೊಡುತ್ತದೆ. ಚಕ್ರವನ್ನು ನೇರವಾಗಿ ಮೋಟಾರಿನ ದಂಡಕ್ಕೇ ಕೂರಿಸುವ ಡೈರೆಕ್ಟ್ ಡ್ರೈವ್ ಮಾದರಿಗಳು ಅದರ ಎರಡು ಪಟ್ಟಿನಿಂದ ಹತ್ತು ಪಟ್ಟಿನವರೆಗೂ ಕೊಡುತ್ತವೆ. ಮುಂದಿನ ಟೈರುಗಳು ಹಿಡಿತ ಕಳೆದುಕೊಳ್ಳತೊಡಗಿದಾಗ ಸ್ಟೀರಿಂಗ್ ಹಗುರವಾಗುತ್ತದೆ. ನೇಗಿಲಿನ ಮೇಳಿ ಹಿಡಿದವನಿಗೆ ಮಣ್ಣಿನ ಹದ ಅಂಗೈಯಿಂದಲೇ ತಿಳಿಯುವಂತೆ, ಈ ಹಗುರವಾಗುವಿಕೆಯನ್ನು ಗುರುತಿಸಲು ಕಲಿತವನಿಗೆ ಟೈರಿನ ಸ್ಥಿತಿ ತಿಳಿಯುತ್ತದೆ. ಆದರೆ ಅನುಭವಿಗಳು ಸ್ಟೀರಿಂಗ್‌ಗಿಂತ ಮೊದಲು ಬದಲಾಯಿಸಿಕೊಳ್ಳಿ ಎಂದು ಹೇಳುವುದು ಬ್ರೇಕ್ ಪೆಡಲನ್ನು, ಮತ್ತು ಅವರ ಮಾತು ಸರಿ. ಅಗ್ಗದ ಪೆಡಲ್ ಕಾಲು ಎಷ್ಟು ದೂರ ಚಲಿಸಿತು ಎಂಬುದನ್ನು ಅಳೆಯುತ್ತದೆ. ಲೋಡ್ ಸೆಲ್ ಇರುವ ಪೆಡಲ್ ಎಷ್ಟು ಬಲವಾಗಿ ತುಳಿಯಲಾಯಿತು ಎಂಬುದನ್ನು ಅಳೆಯುತ್ತದೆ. ನಿಜವಾದ ರೇಸ್ ಕಾರಿನ ಬ್ರೇಕ್ ಎರಡನೆಯ ಬಗೆಯದು. ಮೊದಲನೆಯದರಲ್ಲಿ ಪಳಗಿದ ಕಾಲು ಟ್ರ್ಯಾಕಿಗೆ ಹೋದಾಗ ಮರಳಿ ಮೊದಲಿನಿಂದ ಕಲಿಯಬೇಕಾಗುತ್ತದೆ.

ಇದಕ್ಕಿಂತ ಕಡಿಮೆ ಚರ್ಚೆಗೆ ಬರುವ, ಆದರೆ ನನಗೆ ಹೆಚ್ಚು ಮುಖ್ಯವೆನಿಸುವ ಇನ್ನೊಂದು ಪಾಠವಿದೆ. ಐರೇಸಿಂಗ್‌ನಲ್ಲಿ ಹೊಸಬನು ರೂಕಿ ದರ್ಜೆಯಿಂದ ಆರಂಭಿಸಿ ಡಿ, ಸಿ, ಬಿ, ಎ ಎಂದು ಮೇಲೇರಬೇಕು. ಏರಲು ಬರಿಯ ವೇಗ ಸಾಲದು. ಟ್ರ್ಯಾಕಿನಿಂದ ಹೊರಗೆ ಹೋದುದಕ್ಕೆ, ಕಾರನ್ನು ಸುತ್ತು ತಿರುಗಿಸಿದುದಕ್ಕೆ, ಇನ್ನೊಬ್ಬರಿಗೆ ತಾಗಿದುದಕ್ಕೆ ಎಲ್ಲಕ್ಕೂ ಸುರಕ್ಷತೆಯ ಅಂಕ ಇಳಿಯುತ್ತದೆ. ಪಕ್ಕದಲ್ಲಿ ಕಾರಿದ್ದರೆ ಜಾಗ ಬಿಡುವುದು, ಅಪಾಯ ಸೂಚಿಸುವ ಹಳದಿ ಬಾವುಟ ಕಂಡರೆ ನಿಧಾನಿಸುವುದು, ಮೊದಲ ತಿರುವಿನಲ್ಲಿ ರೇಸ್ ಗೆಲ್ಲಲು ಹೋಗದಿರುವುದು ಇವೆಲ್ಲ ಅಲ್ಲಿ ರೂಢಿಯಾಗುತ್ತವೆ. ಗಂಭೀರವಾಗಿ ಸಿಮ್ ರೇಸಿಂಗ್ ಮಾಡುವ ಹುಡುಗನ ಶಿಸ್ತು ನಮ್ಮ ಹೆದ್ದಾರಿಯಲ್ಲಿ ಕಾಣುವ ಸರಾಸರಿ ಚಾಲಕನ ಶಿಸ್ತಿಗಿಂತ ಮೇಲಿನದು ಎಂದು ಹೇಳಲು ನನಗೆ ಸಂಕೋಚವಿಲ್ಲ.

ಈ ಕಲಿಕೆ ಟ್ರ್ಯಾಕಿನಲ್ಲಿ ನಿಲ್ಲುತ್ತದೆಯೇ ಎಂಬುದನ್ನು ದೊಡ್ಡ ಮಟ್ಟದಲ್ಲಿ ಮೊದಲು ಪರೀಕ್ಷಿಸಿದ್ದು ನಿಸ್ಸಾನ್ ಮತ್ತು ಸೋನಿಯ ಪ್ಲೇಸ್ಟೇಷನ್ ಸೇರಿ 2008ರಲ್ಲಿ ಆರಂಭಿಸಿದ ಜಿಟಿ ಅಕಾಡೆಮಿ. ಗ್ರಾನ್ ಟುರಿಸ್ಮೊ ಎಂಬ ರೇಸಿಂಗ್ ಗೇಮ್ ಆಡುವವರಲ್ಲಿ ವೇಗಿಗಳನ್ನು ಆರಿಸಿ ರೇಸ್ ಚಾಲಕರನ್ನಾಗಿ ತಯಾರು ಮಾಡುವುದು ಅದರ ಉದ್ದೇಶ. ಮೊದಲ ವರ್ಷ ಗೆದ್ದ ಸ್ಪೇನಿನ ಲೂಕಾಸ್ ಓರ್ಡೋನೆಸ್ 2011ರಲ್ಲಿ ಫ್ರಾನ್ಸಿನ ಲ ಮಾನ್ 24 ಗಂಟೆಗಳ ರೇಸಿನಲ್ಲಿ ಎಲ್‌ಎಂಪಿ2 ಎಂಬ ಎರಡನೇ ದರ್ಜೆಯ ಕಾರುಗಳ ವರ್ಗದಲ್ಲಿ ಎರಡನೆಯ ಸ್ಥಾನ ಪಡೆದ ತಂಡದಲ್ಲಿದ್ದರು. 2011ರಲ್ಲಿ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೊ ಎರಡು ವರ್ಷಗಳ ನಂತರ ಅದೇ ರೇಸಿನಲ್ಲಿ, ಅದೇ ವರ್ಗದಲ್ಲಿ ಮೂರನೆಯ ಸ್ಥಾನ ಪಡೆದ ತಂಡದಲ್ಲಿದ್ದರು. ಅದರ ನಂತರದ ಉದಾಹರಣೆಗಳೂ ಕಡಿಮೆಯಿಲ್ಲ: ಟರ್ಕಿಯ ಜೆಮ್ ಬೋಲುಕ್ಬಾಶಿ ಫಾರ್ಮುಲಾ 1ರ ಇ-ಸ್ಪೋರ್ಟ್ಸ್ (ಕಂಪ್ಯೂಟರ್ ಆಟದ) ಸ್ಪರ್ಧೆಯಿಂದ ಬಂದು 2022ರಲ್ಲಿ, ಫಾರ್ಮುಲಾ 1ಕ್ಕಿಂತ ಒಂದು ಹಂತ ಕೆಳಗಿನ ಫಾರ್ಮುಲಾ 2 ತಲುಪಿದರು, ವರ್ಲ್ಡ್ಸ್ ಫಾಸ್ಟೆಸ್ಟ್ ಗೇಮರ್ ಸ್ಪರ್ಧೆ ಗೆದ್ದ ಜೇಮ್ಸ್ ಬಾಲ್ಡ್ವಿನ್ 2020ರಲ್ಲಿ ಬ್ರಿಟಿಷ್ ಜಿಟಿ ಕಾರ್ ರೇಸ್ ಸರಣಿಗೆ ಕಾಲಿಟ್ಟ ಓಲ್ಟನ್ ಪಾರ್ಕ್ ಪಂದ್ಯದಲ್ಲೇ ಜೊತೆಗಾರನೊಂದಿಗೆ ಗೆದ್ದರು.

ಈ ಕಥೆಗಳನ್ನು ನಮ್ಮ ಹುಡುಗರು ಬಾಯಿಪಾಠ ಮಾಡಿಕೊಂಡಿದ್ದಾರೆ, ಆದರೆ ಅದರ ಅರ್ಧ ಭಾಗವನ್ನು ಮಾತ್ರ. ಓರ್ಡೋನೆಸ್ ಆಗಲಿ ಮಾರ್ಡನ್‌ಬರೊ ಆಗಲಿ ಸೋಫಾದಿಂದ ಎದ್ದು ನೇರವಾಗಿ ಲ ಮಾನ್‌ಗೆ ಹೋದವರಲ್ಲ. ಆಯ್ಕೆಯಾದ ಮೇಲೆ ದೈಹಿಕ ತರಬೇತಿ, ಬೋಧಕರ ಜೊತೆ ಟ್ರ್ಯಾಕಿನ ಅಭ್ಯಾಸ, ಕೆಳದರ್ಜೆಯ ಸಣ್ಣ ರೇಸ್‌ಗಳಲ್ಲಿ ಓಡಿಸಿ ಲೈಸೆನ್ಸ್ ಸಂಪಾದನೆ, ಆಮೇಲೆ ದುಬೈ 24 ಗಂಟೆಗಳ ರೇಸ್, ಹೀಗೆ ಅವರು ಹಂತ ಹಂತವಾಗಿ ಏರಿದರು. ಅಷ್ಟೆಲ್ಲ ತಯಾರಿಯ ನಂತರವೂ 2015ರ ಮಾರ್ಚ್‌ನಲ್ಲಿ ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್‌ನಲ್ಲಿ ಮಾರ್ಡನ್‌ಬರೊ ಓಡಿಸುತ್ತಿದ್ದ ಕಾರು ದಿಬ್ಬವೊಂದರ ಮೇಲೆ ಗಾಳಿಗೆದ್ದು ಬೇಲಿ ದಾಟಿ ಒಬ್ಬ ಪ್ರೇಕ್ಷಕ ಸತ್ತರು.

ನಡುವಿನ ಮೆಟ್ಟಿಲು ಎಷ್ಟು ಮುಖ್ಯ ಎಂಬುದಕ್ಕೆ ಅದೇ ನ್ಯೂರ್‌ಬರ್ಗ್‌ರಿಂಗ್‌ನಿಂದ ಇನ್ನೂ ಸ್ಪಷ್ಟವಾದ ಸಾಕ್ಷಿ 2025ರಲ್ಲಿ ಸಿಕ್ಕಿತು. ಫಾರ್ಮುಲಾ 1ರಲ್ಲಿ ನಾಲ್ಕು ಬಾರಿ ವಿಶ್ವ ಚಾಂಪಿಯನ್ ಆದ ಮ್ಯಾಕ್ಸ್ ವರ್ಸ್ಟಾಪೆನ್ ಸಿಮ್ ರೇಸಿಂಗ್‌ನ ಅಪ್ಪಟ ಅಭಿಮಾನಿ. ಆ ಟ್ರ್ಯಾಕನ್ನು ಸಿಮ್ಯುಲೇಟರಿನಲ್ಲಿ ಲೆಕ್ಕವಿಲ್ಲದಷ್ಟು ಸುತ್ತಿದವರು. ಅಷ್ಟಾದರೂ ಅಲ್ಲಿನ ನಿಯಮದ ಪ್ರಕಾರ ಜಿಟಿ3 ಎಂಬ ವೇಗದ ವರ್ಗದ ರೇಸ್ ಕಾರು ಓಡಿಸಲು ವಿಶೇಷ ಪರವಾನಗಿ ಬೇಕಿತ್ತು, ಅದಕ್ಕಾಗಿ ಅವರು ಸೆಪ್ಟೆಂಬರಿನಲ್ಲಿ ಮೊದಲು ಶಕ್ತಿ ಇಳಿಸಿದ ಪೋರ್ಷೆ ಕೇಮನ್ ಕಾರಿನಲ್ಲಿ ಎಲ್ಲರಂತೆ ರೇಸ್ ಓಡಿಸಬೇಕಾಯಿತು. ಎರಡು ವಾರಗಳ ನಂತರ ಫೆರಾರಿ 296 ಜಿಟಿ3 ಕಾರಿನಲ್ಲಿ ಅವರು ಗೆದ್ದರು. ಆ ಗೆಲುವಿನಲ್ಲಿ ಅವರ ಜೊತೆಗಾರನಾಗಿದ್ದ ಕ್ರಿಸ್ ಲಲ್ಹಮ್ ಸಿಮ್ ರೇಸಿಂಗ್‌ನಿಂದಲೇ ಟ್ರ್ಯಾಕಿಗೆ ಬಂದ ಚಾಲಕ. ಸಿಮ್ ರೇಸಿಂಗ್ ಪ್ರಿಯರು ಆ ಗೆಲುವನ್ನು ಹಬ್ಬದಂತೆ ಆಚರಿಸಿದರು, ಅದು ಸಹಜವೇ. ಆದರೆ ಗೆಲುವಿಗಿಂತ ಹೆಚ್ಚು ಮಾತಾಡಬೇಕಾದದ್ದು, ವಿಶ್ವ ಚಾಂಪಿಯನ್ನನಿಗೂ ವಿನಾಯಿತಿ ಕೊಡದ ಆ ಕೇಮನ್ ಕಾರಿನ ಬಗ್ಗೆ.

ಹಾಗಾದರೆ ಸಿಮ್ಯುಲೇಟರ್ ಕೊಡಲಾರದ್ದು ಏನು? ಇದಕ್ಕೆ ಸ್ವಲ್ಪ ಲೆಕ್ಕ ಬೇಕು. 80 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 100 ಕಿ.ಮೀ. ವೇಗದಲ್ಲಿ ತೆಗೆದುಕೊಂಡರೆ ಮೈಯನ್ನು ಪಕ್ಕಕ್ಕೆ ದೂಡುವ ಬಲ ಹೆಚ್ಚುಕಡಿಮೆ ನಮ್ಮ ತೂಕದಷ್ಟೇ ಆಗುತ್ತದೆ. ಇದನ್ನು 1 ಜಿ ಎನ್ನುತ್ತಾರೆ. ಸಾಮಾನ್ಯ ಕಾರಿನ ಟೈರುಗಳು ಹೆಚ್ಚೆಂದರೆ ತಡೆದುಕೊಳ್ಳುವ ಮಟ್ಟ ಅದು, ರೇಸ್ ಟೈರುಗಳು ಅದನ್ನು ಸುಲಭವಾಗಿ ಮೀರುತ್ತವೆ. 2 ಜಿ ಬಲದ ತಿರುವಿನಲ್ಲಿ ಐದು ಕಿಲೊ ತೂಕದ ತಲೆ, ಒಂದೂವರೆ ಕಿಲೊ ಹೆಲ್ಮೆಟ್ ಸೇರಿ ಕತ್ತಿನ ಮೇಲೆ ಪಕ್ಕದಿಂದ ಹದಿಮೂರು ಕಿಲೊ ಭಾರ ಬೀಳುತ್ತದೆ, ಅದೂ ಒಂದು ಸುತ್ತಿನಲ್ಲಿ ಹತ್ತಾರು ಬಾರಿ. ಪವರ್ ಸ್ಟೀರಿಂಗ್ ಇಲ್ಲದ ಸಣ್ಣ ಫಾರ್ಮುಲಾ ಕಾರಿನಲ್ಲಿ ಹೆಗಲು, ಮುಂಗೈಗಳು ಬೇಗ ಸೋಲುತ್ತವೆ. ಎಂಜಿನ್ನಿನ ಬಿಸಿ, ಬೆಂಕಿ ತಡೆಯುವ ದಪ್ಪ ಉಡುಪು, ತಮಿಳುನಾಡಿನ ಬಿಸಿಲು ಸೇರಿದರೆ ಬೆವರು ಕಣ್ಣಿಗಿಳಿಯಲು ಹೆಚ್ಚು ಹೊತ್ತು ಬೇಕಿಲ್ಲ. ದಣಿದ ಕಾಲು ಬ್ರೇಕನ್ನು ಮೊದಲಿನಷ್ಟು ಬಲವಾಗಿ ಒತ್ತಲಾರದು, ದಣಿದ ಕಣ್ಣು ಬ್ರೇಕ್ ಹಿಡಿಯಬೇಕಾದ ಗುರುತನ್ನು ತಡವಾಗಿ ಕಾಣುತ್ತದೆ. ಗಂಟೆಗೆ 160 ಕಿ.ಮೀ. ವೇಗದಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ತಡವಾದರೂ ಕಾರು ನಾಲ್ಕೂವರೆ ಮೀಟರ್ ಮುಂದೆ ಹೋಗಿರುತ್ತದೆ.

ಈ ಬಲ ಕೇವಲ ಹೊರೆಯಾಗಿದ್ದರೆ ವ್ಯಾಯಾಮಶಾಲೆಗೆ ಹೋಗಿ ಸರಿಪಡಿಸಿಕೊಳ್ಳಬಹುದಿತ್ತು. ಅದು ಮಾಹಿತಿಯೂ ಹೌದು. ನಮ್ಮ ಒಳಕಿವಿಯಲ್ಲಿ ತಿರುಗುವಿಕೆಯನ್ನೂ ವೇಗದ ಏರಿಳಿತವನ್ನೂ ಗ್ರಹಿಸುವ ಅಂಗಗಳಿವೆ. ಸೀಟಿಗೆ ಒತ್ತಿಕೊಂಡ ಸೊಂಟ, ಬೆನ್ನು, ತೊಡೆಗಳ ಚರ್ಮವೂ ಸ್ನಾಯುಗಳೂ ಕಾರು ಎತ್ತ ವಾಲುತ್ತಿದೆ ಎಂದು ಹೇಳುತ್ತಿರುತ್ತವೆ. ಹಿಂದಿನ ಚಕ್ರಗಳು ಜಾರತೊಡಗಿದ ಕ್ಷಣವನ್ನು ಅನುಭವಿ ಚಾಲಕ ಕಣ್ಣಿನಿಂದ ಕಾಣುವ ಮೊದಲೇ ಸೊಂಟದಿಂದ ಅರಿಯುತ್ತಾನೆ. ಸಿಮ್‌ನಲ್ಲಿ ಅದೇ ಜಾರುವಿಕೆ ಪರದೆಯ ಚಿತ್ರ ಓರೆಯಾದಾಗ ಮತ್ತು ಸ್ಟೀರಿಂಗ್ ಎಳೆದಾಗ ಮಾತ್ರ ತಿಳಿಯುತ್ತದೆ. ಆದ್ದರಿಂದಲೇ ಸಿಮ್‌ನಿಂದ ಬಂದ ಅನೇಕರು ನಿಜವಾದ ಕಾರು ಒಂದು ವಿಷಯದಲ್ಲಿ ಸುಲಭ, ಅದು ಮುಂಚಿತವಾಗಿ ಎಚ್ಚರಿಸುತ್ತದೆ ಎಂದು ಹೇಳುವುದುಂಟು. ಆದರೆ ಆ ಎಚ್ಚರಿಕೆಯ ಭಾಷೆ ಮೈಗೆ ಮೊದಲು ಪರಿಚಯವಾಗಬೇಕು, ಅದಕ್ಕೆ ಕಡಿಮೆ ವೇಗದಲ್ಲಿ ಸುರಕ್ಷಿತವಾಗಿ ಜಾರಿ ಕಲಿಯುವ ಜಾಗ ಬೇಕು.

ಅಲುಗಾಡುವ ಸೀಟು, ಕೆಳಗೆ ಮೋಟಾರುಗಳ ವೇದಿಕೆ ಇರುವ ದುಬಾರಿ ಸಿಮ್ಯುಲೇಟರ್‌ಗಳು ಇದನ್ನು ತುಂಬಿಕೊಡುತ್ತವೆ ಎಂಬ ನಂಬಿಕೆಯೂ ಪೂರ್ತಿ ನಿಜವಲ್ಲ. ಕೋಣೆಯೊಳಗಿನ ವೇದಿಕೆ ಒಂದೇ ದಿಕ್ಕಿಗೆ ಬಹಳ ಹೊತ್ತು ವೇಗ ಹೆಚ್ಚಿಸಿಕೊಳ್ಳುತ್ತ ಹೋಗಲಾರದು, ಗೋಡೆ ಅಡ್ಡ ಬರುತ್ತದೆ. ಹಾಗಾಗಿ ಅದು ಸೀಟನ್ನು ಓರೆ ಮಾಡಿ ಭೂಮಿಯ ಗುರುತ್ವವನ್ನೇ ತಿರುವಿನ ಬಲದಂತೆ ಭಾಸವಾಗಿಸುತ್ತದೆ. 30 ಡಿಗ್ರಿ ಓರೆ ಮಾಡಿದರೂ ಸಿಗುವುದು ಅರ್ಧ ಜಿ ಮಾತ್ರ. ಫಾರ್ಮುಲಾ 1 ತಂಡಗಳು ಬಳಸುವ ಬೃಹತ್ ಸಿಮ್ಯುಲೇಟರ್‌ಗಳಿಗೂ ಈ ಮಿತಿ ತಪ್ಪಿದ್ದಲ್ಲ.

ಉಳಿದದ್ದು ಭಯ. ಸಿಮ್‌ನಲ್ಲಿ ಗೋಡೆಗೆ ಗುದ್ದಿದರೆ ಒಂದು ಗುಂಡಿ ಒತ್ತಿ ಪಿಟ್‌ಗೆ, ಅಂದರೆ ಕಾರು ಸಿದ್ಧಪಡಿಸುವ ಜಾಗಕ್ಕೆ, ಹಿಂತಿರುಗಬಹುದು. ಈ ಸೌಲಭ್ಯವೇ ಸಿಮ್ ಅನ್ನು ಉತ್ತಮ ಪಾಠಶಾಲೆಯನ್ನಾಗಿಸಿದೆ, ಏಕೆಂದರೆ ಮಿತಿಯ ಆಚೆ ಏನಿದೆ ಎಂಬುದನ್ನು ಖರ್ಚಿಲ್ಲದೆ ನೋಡಿ ಬರಬಹುದು. ನಿಜವಾದ ಕಾರಿನಲ್ಲಿ ಮಿತಿಯನ್ನು ಈಚೆಯಿಂದ ಮಾತ್ರ, ಸ್ವಲ್ಪ ಸ್ವಲ್ಪವಾಗಿ ಸಮೀಪಿಸಬೇಕು. 2023ರಲ್ಲಿ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್‌ನಲ್ಲಿ ಎರಡು ಸಾವುಗಳಾದವು: ಜನವರಿಯಲ್ಲಿ ದಶಕಗಳ ಅನುಭವವಿದ್ದ ಹಿರಿಯ ಕಾರು ಚಾಲಕರೊಬ್ಬರು, ಆಗಸ್ಟ್‌ನಲ್ಲಿ ಮೋಟಾರ್‌ಸೈಕಲ್ ರೇಸಿನಲ್ಲಿ ಬಿದ್ದ ಬೆಂಗಳೂರಿನ 13 ವರ್ಷದ ಬಾಲಕ. ಆಂಬುಲೆನ್ಸ್, ಮಾರ್ಷಲ್‌ಗಳು, ವೈದ್ಯರು ಎಲ್ಲ ಇದ್ದ ಜಾಗದಲ್ಲಿಯೇ ಹೀಗಾಗಬಹುದು ಎಂಬುದನ್ನು ಪೋಷಕರಿಂದಲೂ ಹುಡುಗರಿಂದಲೂ ಮುಚ್ಚಿಡಬಾರದು.

ಆದರೂ ಜನ ಏಕೆ ಅಲ್ಲಿಗೆ ಹಂಬಲಿಸುತ್ತಾರೆ? ರೋಮಾಂಚನಕ್ಕೆ ವೇಗ ಕಾರಣ ಎಂಬ ಉತ್ತರ ನನಗೆ ಸಾಲದೆನಿಸುತ್ತದೆ, ಏಕೆಂದರೆ ವೇಗವೊಂದೇ ಆದರೆ ವಿಮಾನದಲ್ಲಿ ಅದಕ್ಕಿಂತ ಹೆಚ್ಚು ಸಿಗುತ್ತದೆ. ಸಿಮ್ ಮಾಡಿ ಅನಂತರ ಟ್ರ್ಯಾಕಿಗೆ ಹೋಗಿಬಂದವರು ವರ್ಣಿಸುವುದನ್ನು ಗಮನವಿಟ್ಟು ಕೇಳಿದರೆ ಬೇರೆಯದೇ ಒಂದು ಅಂಶ ಕಾಣುತ್ತದೆ. ತಿರುವು ಎಲ್ಲಿದೆ, ಯಾವ ಗೇರು ಬೇಕು ಎಂಬುದೆಲ್ಲ ಅವರಿಗೆ ಮೊದಲೇ ಗೊತ್ತಿರುತ್ತದೆ. ಗೊತ್ತಿದ್ದ ಅದೇ ಸಂಗತಿಗೆ ಈಗ ತೂಕ, ಬಿಸಿ, ಸುಟ್ಟ ರಬ್ಬರಿನ ವಾಸನೆ, ಎದೆಯೊಳಗೆ ಅದುರುವ ಎಂಜಿನ್ನಿನ ಸದ್ದು ಬಂದು ಸೇರುತ್ತವೆ. ವರ್ಷಗಟ್ಟಲೆ ಕಣ್ಣಿನಿಂದ ಮಾತ್ರ ಬಲ್ಲ ತಿರುವೊಂದು ಪಕ್ಕೆಲುಬಿಗೆ ತಾಗಿದಾಗ ಆಗುವ ಸಂತೋಷ ಅದು, ಮತ್ತು ಏನೂ ತಿಳಿಯದೆ ಮೊದಲ ಸಲ ರೇಸ್ ಕಾರಿನಲ್ಲಿ ಕುಳಿತವನಿಗೆ ಅಷ್ಟು ಪೂರ್ಣವಾಗಿ ದಕ್ಕುವಂಥದಲ್ಲ. ಹಾಗೆ ನೋಡಿದರೆ ಕೋಣೆಯಲ್ಲಿ ಕಳೆದ ರಾತ್ರಿಗಳು ಆ ರೋಮಾಂಚನವನ್ನು ಕಡಿಮೆ ಮಾಡುವ ಬದಲು ಗಾಢವಾಗಿಸುತ್ತವೆ.

ಈಗ ಕೋಲಾರದ ಸಂಗತಿಗೆ ಬರೋಣ. ಇಲ್ಲಿಂದ ಅತಿ ಹತ್ತಿರದ ದೊಡ್ಡ ರೇಸ್ ಟ್ರ್ಯಾಕ್ ಎಂದರೆ ಶ್ರೀಪೆರಂಬದೂರಿನ ಬಳಿ ಇರುಂಗಾಟ್ಟುಕೋಟೈನಲ್ಲಿರುವ ಮದ್ರಾಸ್ ಇಂಟರ್‌ನ್ಯಾಷನಲ್ ಸರ್ಕಿಟ್. ಮುಳಬಾಗಿಲು, ಪಲಮನೇರು, ಚಿತ್ತೂರು, ರಾಣಿಪೇಟೆ ಮಾರ್ಗವಾಗಿ ಸುಮಾರು 230 ಕಿ.ಮೀ. ಹಿಂದೆ ಶೋಳವರಂ ವಿಮಾನ ಪಟ್ಟಿಯಲ್ಲಿ ನಡೆಯುತ್ತಿದ್ದ ರೇಸ್‌ಗಳ ಮುಂದುವರಿಕೆಯಾಗಿ ಮದ್ರಾಸ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ 1990ರಲ್ಲಿ ಆರಂಭಿಸಿದ, 3.7 ಕಿ.ಮೀ. ಉದ್ದದ ಟ್ರ್ಯಾಕ್ ಅದು. ಕೊಯಮತ್ತೂರಿನ ಹತ್ತಿರ 2.1 ಕಿ.ಮೀ. ಉದ್ದದ ಕರಿ ಮೋಟಾರ್ ಸ್ಪೀಡ್‌ವೇ ಇದೆ. ಮಾರುತಿ ಎಂಜಿನ್ ಬಳಸಿ ಅಗ್ಗದ ಫಾರ್ಮುಲಾ ಕಾರುಗಳನ್ನು ಕಟ್ಟಿ ಸಾಮಾನ್ಯರಿಗೂ ರೇಸಿಂಗ್ ತಲುಪುವಂತೆ ಮಾಡಿದ ಎಸ್. ಕರಿವರ್ಧನ್ ಅವರ ಹೆಸರನ್ನು ಅದಕ್ಕೆ ಇಟ್ಟಿದ್ದಾರೆ. 2011ರಿಂದ 2013ರವರೆಗೆ ಫಾರ್ಮುಲಾ 1 ನಡೆದ ಬುದ್ಧ್ ಸರ್ಕಿಟ್ ಇರುವುದು ದೂರದ ಗ್ರೇಟರ್ ನೊಯ್ಡಾದಲ್ಲಿ. ಜರ್ಮನಿಯ ಡಿಟಿಎಂ ಕಾರ್ ರೇಸ್ ಸರಣಿಯಲ್ಲಿ ಓಡಿಸಿರುವ ಅರ್ಜುನ್ ಮೈನಿ, 2025ರಲ್ಲಿ ಮೊನಾಕೊದ ಫಾರ್ಮುಲಾ 2 ಸ್ಪ್ರಿಂಟ್ ರೇಸ್ ಗೆದ್ದ ಕುಶ್ ಮೈನಿ ಇಬ್ಬರೂ ಬೆಂಗಳೂರಿನವರು. ಆದರೂ ಅಂಥ ಒಂದು ಟ್ರ್ಯಾಕ್ ಕರ್ನಾಟಕದ ಮಣ್ಣಿನಲ್ಲಿ ಇಲ್ಲ. ನಮ್ಮ ಜಿಲ್ಲೆಯಲ್ಲಿ ಮರುಭೂಮಿಯ ಕಠಿಣ ಡಕಾರ್ ರ‍್ಯಾಲಿ ಪೂರೈಸಿದ ಮೊದಲ ಭಾರತೀಯ ಸಿ.ಎಸ್. ಸಂತೋಷ್ ಕಟ್ಟಿದ ಡರ್ಟ್ ಪಾರ್ಕ್ ಇದೆ, ಮಣ್ಣಿನಲ್ಲಿ ಬೈಕ್ ಓಡಿಸುವುದನ್ನು ಅಲ್ಲಿ ಕ್ರಮವಾಗಿ ಕಲಿಸುತ್ತಾರೆ. ಕಾರಿಗೆ ಅದಕ್ಕೆ ಸಮನಾದದ್ದು ಏನೂ ಇಲ್ಲ.

ನರಸಾಪುರದಲ್ಲಿ 2013ರಿಂದ ಹೊಂಡಾ ಕಾರ್ಖಾನೆ ದ್ವಿಚಕ್ರ ವಾಹನಗಳನ್ನು ತಯಾರಿಸುತ್ತಿದೆ. ವಾಹನಗಳನ್ನು ಜೋಡಿಸಲು ನುರಿತ ಕೈಗಳಿರುವ ಜಿಲ್ಲೆಯಲ್ಲಿ ವಾಹನವನ್ನು ಅದರ ಮಿತಿಯಲ್ಲಿ ಹಿಡಿದು ನಿಲ್ಲಿಸಲು ಕಲಿಯುವ ಒಂದು ಅಂಗಳವೂ ಇಲ್ಲ ಎಂಬುದು ನನಗೆ ಬೇಸರದ ವಿಷಯ. ಇರುವುದು ರಸ್ತೆ ಮಾತ್ರ. ಹೊಸಕೋಟೆಯಿಂದ ಮಾಲೂರು, ಬಂಗಾರಪೇಟೆ, ಬೇತಮಂಗಲದ ಕಡೆಗೆ ಸಾಗುವ ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್‌ವೇಯ ಸುಮಾರು 71 ಕಿ.ಮೀ. ಭಾಗಕ್ಕೆ ಔಪಚಾರಿಕ ಉದ್ಘಾಟನೆಗೂ ಮೊದಲೇ, 2024ರ ಡಿಸೆಂಬರ್‌ನಿಂದ, ವಾಹನಗಳು ಇಳಿದವು. ನೇರವಾದ, ಖಾಲಿಯಾದ, ಗಂಟೆಗೆ 120 ಕಿ.ಮೀ. ವೇಗಕ್ಕೆಂದು ರೂಪಿಸಿದ ರಸ್ತೆ ನಸುಕಿನಲ್ಲಿ ಯಾವ ಯುವಕನನ್ನು ಕರೆಯುವುದಿಲ್ಲ? ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಿದ್ದರೂ ಅವು ನುಗ್ಗಿದವು, ಅಪಘಾತಗಳ ಸುದ್ದಿ ಬರತೊಡಗಿತು. ಅಲ್ಲಿ ಅತಿವೇಗದಲ್ಲಿ ಹೋಗುವವರೆಲ್ಲ ಸಿಮ್ ರೇಸಿಂಗ್‌ನವರು ಎಂದು ನಾನು ಹೇಳುತ್ತಿಲ್ಲ. ಹೆಚ್ಚಿನವರು ಅದರ ಹೆಸರನ್ನೂ ಕೇಳಿರಲಾರರು. ಆದರೆ ಪರದೆಯ ಮೇಲೆ 250 ಕಿ.ಮೀ. ವೇಗಕ್ಕೆ ಒಗ್ಗಿದ ಕಣ್ಣಿಗೆ ರಸ್ತೆಯ ಮೇಲಿನ 120 ತೀರ ನಿಧಾನವೆನಿಸುವ ಅಪಾಯ ನಿಜ. 120ರಲ್ಲಿ ಸಾಗುತ್ತಿರುವ ಒಳ್ಳೆಯ ಕಾರು ನಿಲ್ಲಲು, ಚಾಲಕ ಒಂದು ಸೆಕೆಂಡಿನಲ್ಲಿ ಎಚ್ಚೆತ್ತರೂ, ಒಣ ರಸ್ತೆಯಲ್ಲಿ ಸುಮಾರು ನೂರು ಮೀಟರ್ ಬೇಕು. 160 ಆದರೆ ಕಾರು ಹೊತ್ತ ಚಲನ ಶಕ್ತಿ 120ರಲ್ಲಿ ಇದ್ದುದಕ್ಕಿಂತ ಮುಕ್ಕಾಲು ಪಾಲಿಗೂ ಮಿಕ್ಕಿ ಹೆಚ್ಚಾಗಿರುತ್ತದೆ. ಟ್ರ್ಯಾಕಿನಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಹೋಗುತ್ತಾರೆ, ಜಾರಿದವನಿಗೆ ಜಲ್ಲಿ ಹರಡಿದ ಬಯಲು ಇರುತ್ತದೆ. ಇಲ್ಲಿ ತಿರುವಿನಾಚೆ ಟೊಮೆಟೊ ತುಂಬಿದ ಟೆಂಪೊ ಕೆಟ್ಟು ನಿಂತಿರಬಹುದು.

ಕಾನೂನು ಸ್ಪಷ್ಟವಾಗಿದೆ. ಮೋಟಾರು ವಾಹನ ಕಾಯ್ದೆಯ 189ನೇ ಕಲಂ ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದನ್ನು ಅಪರಾಧವೆನ್ನುತ್ತದೆ. 2019ರ ತಿದ್ದುಪಡಿಯ ನಂತರ ಮೊದಲ ಸಲ ಮೂರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಅಪ್ರಾಪ್ತ ವಯಸ್ಸಿನವರು ವಾಹನ ಓಡಿಸಿ ಅಪರಾಧವೆಸಗಿದರೆ ಹೊಣೆ ಪೋಷಕರ ಮೇಲೆ ಬರುತ್ತದೆ, ದಂಡ 25,000 ರೂಪಾಯಿ, ಮೂರು ವರ್ಷಗಳವರೆಗೆ ಸೆರೆ, ಮತ್ತು ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಇಲ್ಲ. ತಡೆಯುವ ಕಾನೂನು ಇದೆ. ತಡೆದವನಿಗೆ, ಇಲ್ಲಿ ಬೇಡ ಅಲ್ಲಿ ಓಡಿಸು ಎಂದು ತೋರಿಸಲು ಜಾಗವಿಲ್ಲ.

ಹಣದ ಮಾತನ್ನೂ ಹೇಳಬೇಕು. ಸ್ಟೀರಿಂಗ್ ಮತ್ತು ಪೆಡಲ್ ಒಮ್ಮೆ ಕೊಂಡರೆ ವರ್ಷಗಟ್ಟಲೆ ಬರುತ್ತವೆ. ನಿಜವಾದ ರೇಸಿಂಗ್‌ನಲ್ಲಿ ಒಂದು ಋತುವಿನ ಖರ್ಚು ಲಕ್ಷಗಳ ಲೆಕ್ಕದಲ್ಲಿ ಆಗುತ್ತದೆ. ಟೈರು, ಇಂಧನ, ಉಡುಪು, ಹೆಲ್ಮೆಟ್, ಕತ್ತು ಕಾಯುವ ಹ್ಯಾನ್ಸ್ ಸಾಧನ, ಫೆಡರೇಷನ್ ಆಫ್ ಮೋಟಾರ್ ಸ್ಪೋರ್ಟ್ಸ್ ಕ್ಲಬ್ಸ್ ಆಫ್ ಇಂಡಿಯಾ ಕೊಡುವ ಲೈಸೆನ್ಸ್, ಇದರ ಮೇಲೆ ಕಾರಿಗೆ ಪೆಟ್ಟಾದರೆ ದುರಸ್ತಿ. ರೇಷ್ಮೆ, ಟೊಮೆಟೊ, ಹಾಲಿನ ದರದ ಮೇಲೆ ನಿಂತ ಮನೆಗಳಿಂದ ಬಂದ ಹುಡುಗರಿಗೆ ಇದು ಎಟುಕುವ ಮಾತಲ್ಲ, ಅವರೂ ಅದನ್ನು ಬಲ್ಲರು. ಅವರು ಕೇಳುವುದು ವೃತ್ತಿಯನ್ನಲ್ಲ, ವರ್ಷಕ್ಕೊಂದೆರಡು ದಿನದ ಅನುಭವವನ್ನು.

ಇನ್ನೊಂದು ತೊಡಕು ಹೆಸರಿನದು. ಆನ್‌ಲೈನ್ ಆಟ ಎಂದ ಕೂಡಲೇ ಮನೆಯವರಿಗೆ ನೆನಪಾಗುವುದು ರಮ್ಮಿ, ಬೆಟ್ಟಿಂಗ್, ಸಾಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಆನ್‌ಲೈನ್ ಗೇಮಿಂಗ್ ಕಾಯ್ದೆ ಹಣ ಕಟ್ಟಿ ಆಡುವ ಆಟಗಳನ್ನು ನಿಷೇಧಿಸಿ, ಇ-ಸ್ಪೋರ್ಟ್ಸ್ ಅನ್ನು ಪ್ರತ್ಯೇಕವಾಗಿ ಗುರುತಿಸಿ ಪ್ರೋತ್ಸಾಹಿಸುವುದಾಗಿ ಹೇಳಿದೆ. ಸಿಮ್ ರೇಸಿಂಗ್ ನಿಸ್ಸಂದೇಹವಾಗಿ ಎರಡನೆಯ ಗುಂಪಿಗೆ ಸೇರಿದ್ದು. 2023ರಲ್ಲಿ ಸಿಂಗಪುರದಲ್ಲಿ ನಡೆದ ಒಲಿಂಪಿಕ್ ಇ-ಸ್ಪೋರ್ಟ್ಸ್ ಸರಣಿಯಲ್ಲಿ ಮೋಟಾರ್ ಕ್ರೀಡೆಯೂ ಇತ್ತು.

ಹಾಗಾದರೆ ಆ ಮೆಟ್ಟಿಲು ಹೇಗಿರಬೇಕು? ಫಾರ್ಮುಲಾ ದರ್ಜೆಯ ಟ್ರ್ಯಾಕ್ ಬೇಕೆಂದು ಕೇಳುವುದು ಅವಾಸ್ತವ, ಅಗತ್ಯವೂ ಇಲ್ಲ. ಆಟೋಕ್ರಾಸ್ ಎಂಬ ಸ್ಪರ್ಧಾ ಪ್ರಕಾರ ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆಯುತ್ತಿದೆ. ಸಮತಟ್ಟಾದ ಬಯಲಿನಲ್ಲಿ ಕೋನ್‌ಗಳನ್ನಿಟ್ಟು ದಾರಿ ಮಾಡಿ, ಒಂದು ಸಲಕ್ಕೆ ಒಂದೇ ಕಾರನ್ನು ಬಿಟ್ಟು ಸಮಯ ಅಳೆಯುತ್ತಾರೆ. ಡಿಕ್ಕಿ ಹೊಡೆಯಲು ಇನ್ನೊಂದು ಕಾರೇ ಇರುವುದಿಲ್ಲ, ವೇಗ ಬಹುಪಾಲು ಎರಡನೇ ಗೇರಿನೊಳಗೆ ಇರುತ್ತದೆ. ಆದರೂ ಜಾರುವ ಹಿಂಚಕ್ರ, ಮುಂದಕ್ಕೆ ವಾಲುವ ತೂಕ, ಕತ್ತಿನ ಮೇಲಿನ ಸೆಳೆತ ಎಲ್ಲವೂ ನಿಜವಾದವು. ಇದಕ್ಕೆ ಹಳೆಯ ಹ್ಯಾಚ್‌ಬ್ಯಾಕ್ ಸಾಕು, ಒಳ್ಳೆಯ ಹೆಲ್ಮೆಟ್ ಬೇಕು, ಒಂದು ಆಂಬುಲೆನ್ಸ್ ಬೇಕು, ತಿಳಿದ ಬೋಧಕರು ಬೇಕು. ಕೈಗಾರಿಕಾ ಪ್ರದೇಶಗಳಲ್ಲಿ ಹಂಚಿಕೆಯಾಗದೆ ಉಳಿದ ಸಮತಟ್ಟು ಜಾಗವನ್ನು ಭಾನುವಾರದ ಮಟ್ಟಿಗೆ ಮಾನ್ಯತೆಯಿರುವ ಕ್ಲಬ್‌ಗೆ ಷರತ್ತಿನ ಮೇಲೆ ಕೊಡುವುದು ಜಿಲ್ಲಾಡಳಿತಕ್ಕೆ ದೊಡ್ಡ ಖರ್ಚಿನ ಕೆಲಸವಲ್ಲ. ಕೆರೆಯಂಗಳಗಳನ್ನು ಮಾತ್ರ ಇದಕ್ಕೆ ಮುಟ್ಟಬಾರದು, ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದ ಮೇಲೆ ತುಂಬಿದ ಕೆರೆಗಳ ಜಿಲ್ಲೆ ಇದು. ಕೆಜಿಎಫ್‌ನ ಚಿನ್ನದ ಗಣಿ ತ್ಯಾಜ್ಯದ ಸೈನೈಡ್ ಗುಡ್ಡಗಳ ಸುತ್ತಲ ಬಯಲೂ ಬೇಡ, ಆ ದೂಳು ಒಳ್ಳೆಯದಲ್ಲ.

ಅಲ್ಲಿಯವರೆಗೆ ಇರುವುದರಲ್ಲಿ ದಾರಿ ಹುಡುಕಿಕೊಳ್ಳುವವರಿಗೆ ನಾನು ಹೇಳುವುದಿಷ್ಟು. ಮೊದಲು ಬೆಂಗಳೂರಿನ ಯಾವುದಾದರೂ ಒಳ್ಳೆಯ ಕಾರ್ಟಿಂಗ್ (ಪುಟ್ಟ ತೆರೆದ ರೇಸ್ ಗಾಡಿ ಓಡಿಸುವ) ಟ್ರ್ಯಾಕಿಗೆ ಹೋಗಿ. ಸಸ್ಪೆನ್ಷನ್ ಇಲ್ಲದ ಕಾರ್ಟ್ ಪಕ್ಕೆಲುಬಿಗೆ ಕಲಿಸುವುದನ್ನು ಯಾವ ಪರದೆಯೂ ಕಲಿಸದು. ಅನಂತರ ಮದ್ರಾಸ್ ಅಥವಾ ಕೊಯಮತ್ತೂರಿನಲ್ಲಿ ಬೋಧಕರಿರುವ ತರಬೇತಿ ಶಾಲೆಯ ದಿನವೊಂದಕ್ಕೆ ಹೆಸರು ಕೊಡಿ. ಸಿಮ್‌ನಲ್ಲಿ ಟ್ರ್ಯಾಕಿನ ತಿರುವುಗಳ ಕ್ರಮವನ್ನು ಕಲಿತು ಹೋಗುವುದು ಒಳ್ಳೆಯದು, ಆದರೆ ಸಿಮ್‌ನ ಬ್ರೇಕ್ ಗುರುತುಗಳನ್ನು ಅಲ್ಲಿಗೆ ಹೊತ್ತೊಯ್ಯಬೇಡಿ. ಮೊದಲ ಕೆಲವು ಸುತ್ತುಗಳಲ್ಲಿ ಬಹಳ ಮುಂಚೆಯೇ ಬ್ರೇಕ್ ಹಿಡಿದು, ಕಾರು ಏನು ಹೇಳುತ್ತದೆ ಎಂಬುದನ್ನು ಬೆನ್ನಿನಿಂದ ಕೇಳಿಸಿಕೊಳ್ಳಿ. ಸ್ಟಾಪ್‌ವಾಚನ್ನು ಅಂದು ನೋಡಲೇಬೇಡಿ. ಸಂಜೆ ಹಿಂತಿರುಗುವಾಗ ಕಾರನ್ನು ಅಂದು ಟ್ರ್ಯಾಕಿಗಿಳಿಯದ ಇನ್ನೊಬ್ಬರು ಓಡಿಸಲಿ, ಏಕೆಂದರೆ ಇಡೀ ದಿನ ಅತಿವೇಗವನ್ನು ಕಂಡ ಕಣ್ಣು ಹೆದ್ದಾರಿಯಲ್ಲಿ 100ರ ವೇಗವನ್ನು 60 ಎಂದು ಅಂದಾಜಿಸುವ ಸಾಧ್ಯತೆಯಿದೆ, ಮತ್ತು ರಾಣಿಪೇಟೆಯಿಂದ ಇತ್ತ ಚಿತ್ತೂರು, ಪಲಮನೇರು ಘಟ್ಟದವರೆಗೆ ರಾತ್ರಿ ಲಾರಿಗಳ ಸಾಲು ದಟ್ಟವಾಗಿರುತ್ತದೆ.